ಜನವರಿ ಹದಿಮೂರರ ಥಂಡಿ, ಒಂದು ಕೌದಿ

ಇಂಥ ಪ್ರಸಂಗಗಳು ನಮ್ಮ ಮನೆಯಲ್ಲಿ ವರ್ಷವಿಡೀ ಆಗುವುದಿಲ್ಲ. ಜನವರಿ ಹದಿಮೂರಕ್ಕೆ ಮಾತ್ರ ತಪ್ಪದೆ ಆಗುತ್ತವೆ. ಉಳಿದ ದಿನಗಳಲ್ಲಿ ನಾವು ಸಾಂಗ್ಲಿಯ ಅರಿಶಿನ ವ್ಯಾಪಾರದ ಮರ್ಯಾದಸ್ಥ ಮಂದಿ.

ನಾನು ಬಿ.ಎಸ್‌ಸಿ. ವಿಷಯ ಭೌತಶಾಸ್ತ್ರ. ಈ ಮನೆಗೆ ಡಿಗ್ರಿ ಹಿಡಿದುಕೊಂಡು ಬಂದ ಮೊದಲ ಸೊಸೆ ನಾನೇ. ಕಟ್ಟು ಹಾಕಿಸಿದ ಆ ಸರ್ಟಿಫಿಕೇಟು ದೇವರ ಜಗಲಿಯ ಎದುರಿಗೇ ಇದೆ, ದೇವರಿಗೂ ಕಾಣುವ ಹಾಗೆ. ಆದ್ದರಿಂದ ನಾನು ಅಳೆಯದೆ ಏನನ್ನೂ ಹೇಳುವವಳಲ್ಲ. ಗೋಡೆಯ ಕ್ಯಾಲೆಂಡರಿನ ಜನವರಿ ಹಾಳೆಯನ್ನು ಪ್ರತಿವರ್ಷ ಹರಿದು ಎತ್ತಿಡುತ್ತೇನೆ. ಹದಿಮೂರರ ಚೌಕದಲ್ಲಿ ಆ ಮುಂಜಾನೆಯ ಉಷ್ಣಾಂಶ ಇರುತ್ತದೆ. ಬೇರೆ ಯಾವ ದಿನದ್ದೂ ಇಲ್ಲ. ಒಂದೇ ದಿನ ಯಾಕೆ ಎಂದು ಕೇಳುವವರಿಗೆ ಮೊದಲು ಕೌದಿಯ ಕಥೆ ಹೇಳಬೇಕು.

೧. ಕರಾರು

ಮೊಮ್ಮಗಳು ಹುಟ್ಟಿದಾಗ ನಾನೂ ಮಿರಜಿನ ಬೀಗತಿಯೂ ಕೂಡಿ ಒಂದು ಕೌದಿ ಹೊಲಿದೆವು. ಬೀಗತಿ ಎಂದರೆ ನನ್ನ ಸೊಸೆಯ ತಾಯಿ. ಎರಡೂ ಮನೆಗಳ ಹಿರಿಯರ ಇಳಕಲ್ಲ ಸೀರೆ, ಧೋತರ, ಪರಕಾರ, ಎಲ್ಲವನ್ನೂ ಪದರು ಪದರಾಗಿ ಹಾಸಿ, ಒಂದು ಬೇಸಿಗೆ ಪೂರ್ತಿ ದಾರ ಓಡಿಸಿದೆವು. ಅಷ್ಟು ಚೆಂದದ ಕೌದಿ ಎರಡೂ ಊರಲ್ಲಿ ಇಲ್ಲ. ಮೊಮ್ಮಗಳು ಅದನ್ನು ಹೊದ್ದಾಗಲೆಲ್ಲ ಅಳುತ್ತಿದ್ದಳು. ಮಾತು ಬಂದ ಮೇಲೆ ಮರಾಠಿಯಲ್ಲಿ, "ಆಜಿ, ಟೋಚತೆ," ಚುಚ್ಚುತ್ತದೆ ಎಂದು ಹೇಳಿ, ಕಾರ್ಟೂನು ಚಿತ್ರದ ಬ್ಲ್ಯಾಂಕೆಟ್ಟಿಗೆ ಹೋಗಿಬಿಟ್ಟಳು.

ಹೊಲಿದವರು ಇಬ್ಬರು, ಕೌದಿ ಒಂದು.

"ನಮ್ಮ ಮಿರಜಾಗ ಥಂಡಿ ಜಾಸ್ತಿರಿ. ಕೌದಿ ನಮಗ ಇರ್ಲಿ," ಎಂದರು ಬೀಗತಿ.

"ನಮ್ಮದು ಹೊಳಿ ದಂಡಿ ಊರು ರೀ. ಕೃಷ್ಣಾ ಮ್ಯಾಲಿಂದ ಗಾಳಿ ಬಂತಂದ್ರ ಹಲ್ಲ ಕಟಕಟ ಅಂತಾವ."

"ಹೊಳಿ ನಿಮ್ಮ ಮನಿಯಿಂದ ರಿಕ್ಷಾ ಮಾಡ್ಕೊಂಡ ಹೋಗೂವಷ್ಟ ದೂರ ಐತಿ."

ಓದುವವರಿಗೆ ತಿಳಿದಿರಲಿ, ಸಾಂಗ್ಲಿಗೂ ಮಿರಜಿಗೂ ನಡುವೆ ಊರು ಮುಗಿಯುವುದೇ ಇಲ್ಲ. ಸಿಟಿ ಬಸ್ಸಿನಲ್ಲಿ ಒಂದು ಜೊಂಪು ತೆಗೆದರೆ ಇನ್ನೊಂದು ಊರು ಬಂದಿರುತ್ತದೆ. ಆದರೂ ಆ ಮಧ್ಯಾಹ್ನ ನಾವು ಕಾಶ್ಮೀರಕ್ಕೂ ಕನ್ಯಾಕುಮಾರಿಗೂ ಹೋಲಿಕೆ ಮಾಡುವವರ ಹಾಗೆ ವಾದಿಸಿದೆವು. ಕೊನೆಗೆ ನಮ್ಮ ಯಜಮಾನರು ಪೇಪರಿನ ಹಿಂದಿನಿಂದ ಹೇಳಿದರು:

"ಯಾರ ಊರಾಗ ಥಂಡಿ ಹೆಚ್ಚೊ ಅವರ ಮನ್ಯಾಗ ಇರ್ಲಿ. ವರ್ಷಕ್ಕೊಮ್ಮೆ ಅಳತಿ ಮಾಡ್ರಿ. ಈಗ ಯಾರಾದ್ರೂ ಚಹಾ ಕೊಡ್ರಿ."

ಅವರು ಚೇಷ್ಟೆಗೆ ಹೇಳಿದ್ದು. ಬೀಗತಿ ಆ ಕೂಡಲೇ ದಿನ ಗೊತ್ತು ಮಾಡಿದರು, ಜನವರಿ ಹದಿಮೂರು. ಸಂಕ್ರಾಂತಿಯ ಹಿಂದಿನ ದಿನದ ಭೋಗಿ ಸಾಮಾನ್ಯವಾಗಿ ಬರುವುದು ಅಂದೇ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯಲು, ತಲೆಗೆ ಎರೆದುಕೊಳ್ಳಲು ಎರಡೂ ಮನೆಯಲ್ಲಿ ಹೇಗೂ ಬೇಗ ಏಳುತ್ತಾರೆ. ಮುಂಜಾನೆ ಆರಕ್ಕೆ ಯಾರ ಹಿತ್ತಲಿನಲ್ಲಿ ಉಷ್ಣಾಂಶ ಕಡಿಮೆಯೋ, ಮುಂದಿನ ಭೋಗಿಯವರೆಗೆ ಕೌದಿ ಅವರದು.

ಯಜಮಾನರಿಗೆ ಅಂದು ಚಹಾ ಸಿಗಲಿಲ್ಲ. ನಾನು ಥರ್ಮಾಮೀಟರ್ ತರಲು ಪೇಟೆಗೆ ಹೋಗಿಬಿಟ್ಟಿದ್ದೆ.

೨. ಮಿರಜಿನ ಮೊದಲ ಅಳತೆ

ಮೊದಲ ವರ್ಷ ನಮ್ಮ ಹಿತ್ತಲಿನಲ್ಲಿ ಹನ್ನೊಂದು ಡಿಗ್ರಿ ಬಂತು. ನಾನು ಎದೆ ಉಬ್ಬಿಸಿ ಫೋನು ಮಾಡಿದೆ.

"ಬೀಗತಿಯವರ, ನಮ್ಮಲ್ಲಿ ಹನ್ನೊಂದ ಆತ್ರಿ. ನಿಮ್ಮಲ್ಲಿ?"

"ತೊಂಬತ್ತನಾಕು."

ದನಿಯಲ್ಲಿ ಸಂಕೋಚದ ಸುಳಿವೂ ಇರಲಿಲ್ಲ. ನಾನು ಸ್ವಲ್ಪ ಹೊತ್ತು ಯೋಚಿಸಿ, "ಅದು ಜ್ವರಾ ನೋಡೂದು ರೀ," ಎಂದೆ. "ಕಂಕಳಾಗ ಇಡೂದು. ಅದು ತೊಂಬತ್ತನಾಕರ ಕೆಳಗ ಇಳಿಯೂದೇ ಇಲ್ಲ."

"ಇಳಿಯೂದ್ಯಾಕ? ಥಂಡಿ ಹೆಚ್ಚಾದ್ರ ಅಂಕಿ ಹೆಚ್ಚ ಆಗಬೇಕೋ ಬ್ಯಾಡೋ?"

ಕಲಿತವಳು ನಾನು, ಬಿಡಬಾರದು ಎಂದುಕೊಂಡೆ. ಸೆಲ್ಸಿಯಸ್ ಎಂದರೇನು, ಫ್ಯಾರನ್‌ಹೀಟ್ ಎಂದರೇನು, ಪಾದರಸ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ, ಎಲ್ಲವನ್ನೂ ಫೋನಿನಲ್ಲೇ ವಿವರಿಸಿದೆ. ಒಲೆಯ ಮೇಲೆ ನನ್ನ ರೊಟ್ಟಿ ಕರಕಾಯಿತು. ಬೀಗತಿ ನಡುವೆ ಒಂದು ಮಾತೂ ಆಡದೆ ಕೇಳಿಸಿಕೊಂಡರು. ಕೊನೆಗೆ ಹೇಳಿದರು:

"ಭಾಳ ಚೊಲೊ ತಿಳಿಸಿ ಹೇಳಿದ್ರಿ ನೋಡ್ರಿ. ಹಂಗಾರ ನಿಮ್ಮದು ಹನ್ನೊಂದು, ನಮ್ಮದು ತೊಂಬತ್ತನಾಕು. ಎಂಬತ್ತಮೂರು ಹೆಚ್ಚಾಗಿ ನಾವ ಗೆದ್ದೇವಿ."

ಯಜಮಾನರು ಪಂಚಾಯಿತಿ ಮಾಡಿ ಕೌದಿಯನ್ನು ನಮಗೆ ಕೊಡಿಸಿದರು. ಆದರೆ ಬೀಗತಿಯದು ತಪ್ಪೆಂದು ನಾನು ಇಂದಿಗೂ ಹೇಳುವುದಿಲ್ಲ. ಮಿರಜು ಆಸ್ಪತ್ರೆಗಳ ಊರು. ಅಲ್ಲಿ ಹವೆ ಬಂದರೂ ಮೊದಲು ಅದರ ಜ್ವರ ನೋಡುತ್ತಾರೆ.

೩. ಸಾಂಗ್ಲಿಯ ಸೆಕೆ

ಮರುವರ್ಷ ಬೀಗತಿ ಸರಿಯಾದ ಥರ್ಮಾಮೀಟರ್ ಕೊಂಡರು. ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಬೇಕು, ಹಾಕಿದ ಮೇಲೆ ಬದಲಿಲ್ಲ ಎಂದು ಹೊಸ ನಿಯಮವನ್ನೂ ತಂದರು.

ಅಂದು ಮುಂಜಾನೆ ಬಾಯಿಂದ ಹೊಗೆ ಬರುವಷ್ಟು ಥಂಡಿ. ಗೆಲುವು ಕೈಯಲ್ಲೇ ಇದೆ ಎಂದುಕೊಂಡು, ಕತ್ತಲಲ್ಲಿ ಕನ್ನಡಕವಿಲ್ಲದೆ ಹಿತ್ತಲಿಗೆ ಹೋಗಿ ಫೋಟೋ ತೆಗೆದೆ, ನೋಡದೆಯೇ ಕಳಿಸಿದೆ. ಒಳಗೆ ಬಂದು ಕನ್ನಡಕ ಹಾಕಿಕೊಂಡರೆ ಮೂವತ್ತೊಂದು.

ನಾನು ಗಾಬರಿಯಾಗಲಿಲ್ಲ. ವಿಜ್ಞಾನ ಓದಿದವರು ಅಂಕಿಯನ್ನು ನಂಬಬೇಕು. ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿಕೊಂಡು ವಾಕಿಂಗಿಗೆ ಹೋದೆ. ಅಲ್ಲಿನ ಹೆಂಗಸರನ್ನೆಲ್ಲ ನಿಲ್ಲಿಸಿ, ಭೂಮಿ ಹೇಗೆ ಬಿಸಿಯಾಗುತ್ತಿದೆ, ಜನವರಿಯಲ್ಲಿ ಮುಂಜಾನೆ ಮೂವತ್ತೊಂದು ಎಂದರೆ ಮೇ ತಿಂಗಳಲ್ಲಿ ನಮ್ಮ ಗತಿ ಏನು ಎಂದು ಭಾಷಣ ಮಾಡಿದೆ. ಅವರೆಲ್ಲ ಹಲ್ಲು ಕಟಕಟಿಸುತ್ತಾ ಗಂಭೀರವಾಗಿ ಗೋಣು ಹಾಕಿದರು. ಒಬ್ಬರು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ, "ಹೂಂನ್ರಿ, ನನಗೂ ನಿನ್ನಿಯಿಂದ ಸೆಕಿ ಅನಸಾಕತ್ತೇತಿ," ಎಂದರು.

ಮನೆಗೆ ಬಂದಾಗ ಯಜಮಾನರು ಸ್ನಾನ ಮುಗಿಸಿ ಹಿತ್ತಲಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ನೀರು ಕಾಯಿಸುವ ತಾಮ್ರದ ಬಂಬು ಉರಿಯುತ್ತಿತ್ತು. ಯಾವಾಗಲೂ ಮೂಲೆಯಲ್ಲಿರುವ ಬಂಬು ಅಂದು ಗೋಡೆಗೆ ಹತ್ತಿಕೊಂಡು, ಸರಿಯಾಗಿ ನನ್ನ ಥರ್ಮಾಮೀಟರಿನ ಕೆಳಗಿತ್ತು.

"ಇದನ್ನ ಇಲ್ಲಿ ಯಾರ ತಂದಿಟ್ಟಾರ?"

"ನಾನ. ಆ ಮೂಲ್ಯಾಗ ಭಾಳ ಥಂಡಿ ಇತ್ತು."

ಕೌದಿ ಅಂದೇ ಸಂಜೆ ಮಿರಜಿಗೆ ಹೋಯಿತು. ಕಳಿಸಿಕೊಡುವಾಗ ಯಜಮಾನರು ಅದನ್ನು ಒಮ್ಮೆ ಸವರಿ, "ಮುಂದಿನ ವರ್ಷ ನಾ ಸ್ನಾನಾನ ಮಾಡೂದಿಲ್ಲ," ಎಂದು ಮಾತು ಕೊಟ್ಟರು. ಅವರಿಗೆ ಅದು ದೊಡ್ಡ ತ್ಯಾಗವೇನೂ ಆಗಿರಲಿಲ್ಲ.

೪. ಹಳೆಯ ದಾಖಲೆ

ಒಂದು ಸೋಲಿನಿಂದ ಸಾಂಗ್ಲಿಯ ಮಾನ ಹೋಗಬಾರದಲ್ಲ. ಹಿಂದಿನ ವರ್ಷಗಳ ಥಂಡಿಯನ್ನೂ ಕೂಡಿಸಿ ಬೀಗತಿಯ ಮುಂದಿಡಬೇಕು ಎಂದು ಹಿರಿಯರನ್ನು ಕೇಳುತ್ತಾ ಹೊರಟೆ.

ಹಿರಿಯರ ಹತ್ತಿರ ಉಷ್ಣಾಂಶ ಇರುವುದಿಲ್ಲ, ಸಾಕ್ಷಿ ಇರುತ್ತದೆ. ನಮ್ಮ ಅತ್ತೆಯವರು, "ಕೊಬ್ಬರಿ ಎಣ್ಣಿ ಕಲ್ಲಾಗಿ ಕುಂತಿತ್ತು, ಗುಂಡಕಲ್ಲಿಲೆ ಕುಟ್ಟಿ ತಗದೇವಿ," ಎಂದರು. ಕೊಬ್ಬರಿ ಎಣ್ಣೆ ಗಟ್ಟಿಯಾಗಲು ಅಷ್ಟೇನೂ ಥಂಡಿ ಬೇಕಾಗಿಲ್ಲ ಎಂದು ನಾನು ತಿಳಿಸಿದೆ. "ಹಂಗಾರ ನಿನ್ನ ಬಿ.ಎಸ್‌ಸಿ. ಎಣ್ಣಿನ ಹಚ್ಕೊ," ಎಂದು ಮುಖ ತಿರುಗಿಸಿದರು.

ಕೊನೆಗೆ ಸಮಡೋಳಿ ಹಳ್ಳಿಯ ಮಾವಶಿಯ, ಎಂದರೆ ನನ್ನ ಚಿಕ್ಕಮ್ಮನ ಹತ್ತಿರ ಹೋದೆ. ಅವರಿಗೆ ದಿನ ವಾರ ಎಲ್ಲ ನೆನಪಿರುತ್ತದೆ ಎಂದು ಹೆಸರು.

"ನನ್ನ ಲಗ್ನಾದ ವರ್ಷದ ಥಂಡಿ ಮುಂದ ಯಾವ ಥಂಡಿನೂ ಇಲ್ಲವಾ," ಎಂದರು ಮಾವಶಿ. "ಭೋಗಿ ದಿನಾನ ನಾ ಈ ಮನಿಗೆ ಬಂದೆ. ನಿಮ್ಮ ಕಾಕಾನ ಬಾಯಿ ಥಂಡಿಗೆ ಸೆಟದ ಹೋಗಿತ್ತು. ಒಂದ ಮಾತ ಆಡಲಿಲ್ಲ."

ನಾನು ಸಂತೋಷದಿಂದ ಪೆನ್ನು ತೆಗೆದೆ. "ಎಷ್ಟ ದಿನಾ ಇತ್ತ್ರಿ ಆ ಥಂಡಿ?"

ಮಾವಶಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಾ ಕುಳಿತಿದ್ದ ಕಾಕಾನ ಕಡೆ ನೋಡಿದರು. ಕಾಕಾ ನಮ್ಮನ್ನು ನೋಡಿದರು, ಏನೂ ಅನ್ನಲಿಲ್ಲ, ಮತ್ತೆ ಜೋಳದ ಕಡೆ ತಿರುಗಿದರು.

"ಇನ್ನೂ ಇಳಿದಿಲ್ಲ ನೋಡು," ಎಂದರು ಮಾವಶಿ.

೫. ಒಂದು ಗುಡಿ, ಎರಡು ಹರಕೆ

ಮಿರಜಿನ ಬೀಗರಿಗೆ, ಎಂದರೆ ಬೀಗತಿಯ ಗಂಡನಿಗೆ, ಮಾಲಗಾಂವದಲ್ಲಿ ದ್ರಾಕ್ಷಿ ತೋಟವಿದೆ. ಥಂಡಿ ಹೆಚ್ಚಾದರೆ ದ್ರಾಕ್ಷಿ ಮಣಿ ಸೀಳುತ್ತದೆ. ಆದ್ದರಿಂದ ಆ ಮನೆಯಲ್ಲಿ ಜನವರಿ ಬಂದರೆ ಹೆಂಡತಿಗೆ ಥಂಡಿ ಬೇಕು, ಗಂಡನಿಗೆ ಬೇಡ.

ಒಂದು ವರ್ಷ ಬೀಗರು ಯಾರಿಗೂ ಹೇಳದೆ ತೋಟದ ದಾರಿಯ ಗುಡಿಗೆ ಹೋಗಿ, ಥಂಡಿ ಕಡಿಮೆಯಾಗಲಿ ಎಂದು ಕಾಯಿ ಒಡೆಸಿದರು. ಹೊರಗೆ ಬರುವಾಗ ಬಾಗಿಲಲ್ಲಿ ಬೀಗತಿ ಕಾಯಿ ಹಿಡಿದು ನಿಂತಿದ್ದರು.

"ನೀ ಯಾಕ ಬಂದಿ?"

"ನೀವ್ಯಾಕ ಬಂದಿದ್ರಿ?"

"ಸುಮ್ನ."

"ನಾನೂ ಸುಮ್ನ."

ಬೀಗತಿ ಒಳಗೆ ಹೋಗಿ, ಥಂಡಿ ಹೆಚ್ಚಾಗಲಿ ಎಂದು ಒಡೆಸಿದರು. ಪೂಜಾರಿ ಎರಡೂ ಹರಕೆ ಕೇಳಿಸಿಕೊಂಡಿದ್ದ. "ಅಕ್ಕಾರ, ಗಂಡಾ ಹೆಂಡತಿ ಮನ್ಯಾಗ ಒಂದ ಮಾತ ಮಾಡ್ಕೊಂಡ ಬರ್ರಿ. ಇಲ್ಲಾಂದ್ರ ದೇವರಿಗಿ ತ್ರಾಸ ಆಗತೈತಿ," ಎಂದನಂತೆ.

ಹದಿಮೂರರ ಮುಂಜಾನೆ ಥಂಡಿಯೂ ಬರಲಿಲ್ಲ, ಬಿಸಿಲೂ ಬರಲಿಲ್ಲ. ಎರಡೂ ಊರಿನ ಮೇಲೆ ಮೋಡ ಕವಿದು ಧೋ ಎಂದು ಮಳೆ ಹೊಡೆಯಿತು. ಎರಡೂ ಥರ್ಮಾಮೀಟರಿನಲ್ಲಿ ಒಂದೇ ಅಂಕಿ. ಕೌದಿ ಇದ್ದಲ್ಲೇ ಇರಲಿ ಎಂದಾಯಿತು. ದ್ರಾಕ್ಷಿಗೆ ಥಂಡಿಗಿಂತ ಮಳೆಯೇ ಕೆಟ್ಟದ್ದಾದ್ದರಿಂದ ಬೀಗರು ಗುಡಿಗೆ ಹೋಗುವುದನ್ನು ಬಿಟ್ಟರು. ಬೀಗತಿಗೆ ಮಾತ್ರ ದೇವರ ಮೇಲೆ ಬೇಸರವಿಲ್ಲ. "ಅಂವಾ ಏನ ಮಾಡ್ಯಾನ ಪಾಪ," ಎಂದರು. "ಇಬ್ಬರದೂ ಕಾಯಿ ತಿಂದಾನ, ಇಬ್ಬರಿಗೂ ಏನರೆ ಕೊಡಬೇಕಲ್ಲ."

೬. ಅಯ್ಯನವರ ತೀರ್ಪು

ಸಂಕ್ರಾಂತಿ ಒಮ್ಮೊಮ್ಮೆ ಒಂದು ದಿನ ಮುಂದೆ ಹೋಗುತ್ತದೆ, ಅದರ ಜೊತೆಗೆ ಭೋಗಿಯೂ. ಅಂಥ ಒಂದು ವರ್ಷ ನಾನು ಹದಿಮೂರಕ್ಕೆ ಅಳೆದೆ, ಬೀಗತಿ ಭೋಗಿಗೆ ಅಳೆದರು. ಹದಿಮೂರಕ್ಕೆ ನೋಡಿದರೆ ನಾವು ಗೆದ್ದೆವು, ಭೋಗಿಗೆ ನೋಡಿದರೆ ಅವರು.

"ಕರಾರ ತಾರೀಖಿಗಿ ಆಗೇತಿ," ಎಂದೆ ನಾನು.

"ಥಂಡಿ ತಾರೀಖ ನೋಡಿ ಬರತೈತೇನ್ರಿ? ಅದು ಹಬ್ಬಾ ನೋಡಿ ಬರತೈತಿ."

ಎರಡೂ ಮನೆಗೆ ಪೂಜೆಗೆ ಬರುವ ಅಯ್ಯನವರು ಒಬ್ಬರೇ. ಅವರನ್ನು ಕರೆಸಿದೆವು. ಅವರು ಪಂಚಾಂಗ ತೆರೆದು, ಬೆರಳು ಮಡಚಿ, ಥರ್ಮಾಮೀಟರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ, "ಎರಡೂ ದಿನದಾಗ ದೋಷ ಐತಿ. ವಸ್ತು ಇಬ್ಬರ ಮನ್ಯಾಗೂ ಇರಬಾರದು. ಒಂದ ವರ್ಷ ಪವಿತ್ರ ಜಾಗಾದಾಗ ಇರ್ಲಿ," ಎಂದು ಕೌದಿಯನ್ನು ಮಡಚಿ ಬಗಲಲ್ಲಿಟ್ಟುಕೊಂಡು ಹೊರಟುಹೋದರು.

ವರ್ಷ ಮುಗಿಯಿತು. ಕೌದಿ ಬರಲಿಲ್ಲ. ನಾನೂ ಬೀಗತಿಯೂ ಮೊದಲ ಸಲ ಒಂದೇ ಪಕ್ಷವಾಗಿ ಅವರ ಮನೆಗೆ ಹೋದೆವು. ಅಯ್ಯನವರು ಮಧ್ಯಾಹ್ನದ ನಿದ್ದೆಯಲ್ಲಿದ್ದರು, ಕೌದಿ ಅವರ ಮೇಲಿತ್ತು.

"ಅಯ್ಯನಾರ, ಅವಧಿ ಮುಗೀತ್ರಿ."

ಅವರು ಕಣ್ಣು ಬಿಟ್ಟು, ಕೌದಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು.

"ಅಳತಿ ಮಾಡೇನಿ ತಾಯಿ," ಎಂದರು. "ಥಂಡಿ ನಮ್ಮಲ್ಲೇ ಹೆಚ್ಚ ಐತಿ."

ಹೊಸ ಉಲ್ಲನ್ ರಗ್ಗು ಕೊಟ್ಟು ಬಿಡಿಸಿಕೊಂಡು ಬಂದೆವು. ಮೊದಲು ಯಾರ ಮನೆಯಲ್ಲಿತ್ತೋ ಅಲ್ಲಿಗೇ, ಅಂದರೆ ಮಿರಜಿಗೇ ಹೋಯಿತು.

೭. ಅದಲಾಬದಲಿ

ಇದು ಈ ವರ್ಷದ್ದು. ಈ ಸಲ ಕೌದಿ ಬರದಿದ್ದರೆ ನನ್ನ ಡಿಗ್ರಿಯನ್ನು ಗೋಡೆಯಿಂದ ಇಳಿಸಬೇಕು ಎಂಬ ಮಟ್ಟಕ್ಕೆ ನಾನು ಬಂದಿದ್ದೆ. ಅಷ್ಟರಲ್ಲಿ ಬೀಗತಿ ಒಂದು ಮಾತು ಆಡಿದರು.

"ಫೋಟೋ ಏನೋ ಕಳಸ್ತೀರಿ, ಖರೆ. ಫ್ರಿಜ್ಜಿನ್ಯಾಗ ಇಟ್ಟ ತಗದೀರೋ ಹೆಂಗೋ, ಯಾರ ನೋಡ್ಯಾರ?"

ವಿಜ್ಞಾನ ಓದಿದವಳಿಗೆ ಇದಕ್ಕಿಂತ ದೊಡ್ಡ ಅಪಮಾನವಿಲ್ಲ. "ಹಂಗಾರ ನೀವ ನಮ್ಮ ಮನಿಗೆ ಬಂದ ನಿಮ್ಮ ಕಣ್ಲೇ ನೋಡ್ರಿ," ಎಂದೆ.

"ನೋಡ್ತೇನಿ. ನೀವೂ ನಮ್ಮ ಮನಿಗೆ ಬಂದ ನೋಡ್ರಿ."

ಹಾಗೆ ಕರಾರಾಯಿತು. ಹನ್ನೆರಡರ ಸಂಜೆ ನಾನು ಮಿರಜಿನಲ್ಲಿ ಇಳಿದುಕೊಳ್ಳುವುದು, ಬೀಗತಿ ಸಾಂಗ್ಲಿಯಲ್ಲಿ. ಹದಿಮೂರರ ಮುಂಜಾನೆ ಆ ಮನೆಯ ಥರ್ಮಾಮೀಟರನ್ನು ಬಂದವರೇ ಮೊದಲು ನೋಡಬೇಕು. ಅವರು ಕಂಡ ಅಂಕಿಯೇ ಖಾಯಂ. ಮನೆಯವರು ಹತ್ತಿರ ಸುಳಿಯಬಾರದು. ನನ್ನ ಸೊಸೆ ಎರಡೂ ಚೀಲ ತುಂಬಿಕೊಡುತ್ತಾ, "ಅವ್ವ ಇಲ್ಲಿಗಿ, ಅತ್ತಿ ಅಲ್ಲಿಗಿ. ನಾ ಯಾರಿಗ ಹೆದರಬೇಕಂತ ಒಬ್ಬರ ಹೇಳಿ ಹೋಗ್ರಿ," ಎಂದಳು.

ಮಿರಜಿನಲ್ಲಿ ಬೀಗರು ಆದರದಿಂದ ಊಟ ಹಾಕಿಸಿದರು. ಮಲಗುವ ಕೋಣೆ ತೋರಿಸಿದರು. ಮಂಚದ ಮೇಲೆ ಕೌದಿ ಇತ್ತು. ಅವರಿಗೆ ನಾನೂ ಬೀಗತಿಯೇ, ಬೀಗತಿ ಬಂದರೆ ಮನೆಯಲ್ಲಿರುವುದರಲ್ಲಿ ಉತ್ತಮವಾದದ್ದನ್ನೇ ಹಾಸಿ ಹೊದಿಸಬೇಕಲ್ಲ, ಅದು ಪದ್ಧತಿ. ಎಷ್ಟೋ ವರ್ಷದ ಮೇಲೆ ಅದನ್ನು ಮೈಮೇಲೆ ಎಳೆದುಕೊಂಡೆ. ಮುಂಜಾನೆಯ ಫೋಟೋಗೆಂದು ಮೊಬೈಲನ್ನು ಮೊದಲೇ ಹಿತ್ತಲಿನ ಕಟ್ಟೆಯ ಮೇಲೆ, ಥರ್ಮಾಮೀಟರಿನ ಕೆಳಗೆ ಇಟ್ಟು ಬಂದಿದ್ದೆ. ಅಷ್ಟು ತಯಾರಿ.

ಅಲಾರಮು ಅದೇ ಮೊಬೈಲಿನಲ್ಲಿತ್ತು.

ಮುಂದಿನದ್ದನ್ನು ಸೊಸೆಯೂ ಬೀಗರೂ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಆರು ಗಂಟೆಗೆ ಹಿತ್ತಲಿನಲ್ಲಿ ಅಲಾರಮು ಬಡಿದುಕೊಂಡಿತು. ಬೀಗರು ಎದ್ದು ಬಂದರು. ನನ್ನ ಕೋಣೆಯ ಬಾಗಿಲು ಮುಚ್ಚಿತ್ತು. ಬೀಗತಿ ಮಲಗಿದ ಕೋಣೆಯ ಬಾಗಿಲು ಬೀಗರು ಬಡಿಯಬಹುದೇ? ನಮ್ಮ ಮಂದಿಯಲ್ಲಿ ಇಲ್ಲ. ಅವರು ಮೊದಲು ಕೆಮ್ಮಿದರು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಕೊಡ ಬೀಳಿಸಿದರು. ನಾನು ಮಗ್ಗಲು ಬದಲಿಸಿರಬೇಕು. ಕೊನೆಗೆ ಸಾಂಗ್ಲಿಗೆ ಹೆಂಡತಿಗೆ ಫೋನು ಮಾಡಿದರು.

"ಬೀಗತಿಯವರ ಎದ್ದಿಲ್ಲ. ಏನ ಮಾಡ್ಲಿ?"

ಬೀಗತಿ ಆಗಷ್ಟೇ ನಮ್ಮ ಹಿತ್ತಲಿನಲ್ಲಿ ಒಂಬತ್ತು ಡಿಗ್ರಿ ಕಂಡು ಕಂಗಾಲಾಗಿದ್ದರು. ನಾನು ಇಟ್ಟ ದಾಖಲೆಯಲ್ಲಿ ಇಷ್ಟು ಕಡಿಮೆ ಎಂದೂ ಇಲ್ಲ. ಅದನ್ನು ಮೀರಿಸಲು ಮಿರಜಿನ ಅಳತೆ ಈಗಲೇ, ಬಿಸಿಲು ಬರುವ ಮುಂಚೆಯೇ ಆಗಬೇಕು.

"ಏನ ಮಾಡ್ಲಿ ಅಂದ್ರ? ಎಬ್ಬಸ್ರಿ."

"ಹೆಂಗ ಎಬ್ಬಸ್ಲಿ? ಮಾನಾ ಮರ್ಯಾದಿ ಅಂತ ಐತೋ ಇಲ್ಲೋ?"

"ಕೆಮ್ಮರಿ."

"ಕೆಮ್ಮಿ ಕೆಮ್ಮಿ ಗಂಟಲ ಕಿತಗೊಂಡ ಬಂದೇತಿ. ಬಾಜೂ ಮನಿಯವರ ಔಷಧ ತಂದ ಕೊಟ್ಟ ಹೋದ್ರು."

"ಒಳಗ ಹೋಗಿ ಕೌದಿ ಜಗ್ಗರಿ."

"ನಾ ಜಗ್ಗೂದಿಲ್ಲ."

"ಹಂಗಾರ ನೀವ ಥರ್ಮಾಮೀಟರ್ ಮ್ಯಾಲೆ ನೀರರೆ ಹೊಡೀರಿ."

"ಮನಿಯವರ ಹತ್ರ ಸುಳಿಯಬಾರದಂತ ನೀನ ಕರಾರ ಮಾಡಿದಿ," ಎಂದರು ಬೀಗರು. ಬಿಸಿಲೇರುವುದು ದ್ರಾಕ್ಷಿಗೆ ಒಳ್ಳೆಯದಾದ್ದರಿಂದ ಅವರಿಗೆ ಅಷ್ಟೇನೂ ಅವಸರವಿರಲಿಲ್ಲ. ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾ ಕುಳಿತರು.

ಎಂಟಕ್ಕೆ ನಾನು ಎದ್ದೆ. ಅಷ್ಟು ಸುಖದ ನಿದ್ದೆ ಲಗ್ನವಾದಂದಿನಿಂದ ಆಗಿರಲಿಲ್ಲ. ಹಿತ್ತಲಿಗೆ ಹೋದರೆ ಥರ್ಮಾಮೀಟರಿನ ಮೇಲೆ ಚೆಂದದ ಬಿಸಿಲು, ಇಪ್ಪತ್ತೊಂದು. ಫೋಟೋ ತೆಗೆದು ಕಳಿಸಿದೆ. ಆ ಕ್ಷಣವೇ ಫೋನು ಬಂತು.

"ನೀವ ಮಲಕೊಂಡ ಗೆದ್ರಿ," ಎಂದರು ಬೀಗತಿ. ಹಲ್ಲು ಕಟಕಟಿಸುವುದು ಫೋನಿನಲ್ಲೂ ಕೇಳುತ್ತಿತ್ತು.

"ನಿಮ್ಮ ಮನ್ಯಾಗ ಎಂಟರತನ ಬೆಚ್ಚಗ ನಿದ್ದಿ ಬರತೈತಿ ಅಂದಮ್ಯಾಲೆ, ಅಲ್ಲಿ ಥಂಡಿ ಎಲ್ಲಿ ಐತ್ರಿ ಬೀಗತಿಯವರ?"

ಆ ಕಡೆಯಿಂದ ಒಂದು ಸೀನು ಕೇಳಿಸಿತು. ಆಮೇಲೆ, "ಆತ್ರಿ. ಕೌದಿ ಸಾಂಗ್ಲಿಗೇ ಬರ್ಲಿ. ಲಗೂನ ತಗೊಂಡ ಬರ್ರಿ," ಎಂದರು. ಇಷ್ಟು ಬೇಗ ಒಪ್ಪಿದ್ದು ನೋಡಿ ನನಗೇ ಪಾಪ ಅನಿಸಿತು.

ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಬಾಗಿಲಲ್ಲೇ ಬೀಗತಿ ನಿಂತಿದ್ದರು. ಮೂಗು ಕೆಂಪಗೆ, ಮೈಮೇಲೆ ನನ್ನ ಶಾಲು, ಅದರ ಮೇಲೆ ಯಜಮಾನರ ಕೋಟು. ಬಾ ಎಂದೂ ಅನ್ನದೆ ಕೈಚಾಚಿ ಕೌದಿ ತೆಗೆದುಕೊಂಡರು, ನೆಟ್ಟಗೆ ನನ್ನ ಕೋಣೆಗೆ ಹೋಗಿ, ನನ್ನ ಮಂಚದ ಮೇಲೆ ಮಲಗಿ, ತಲೆತುಂಬ ಹೊದ್ದುಕೊಂಡರು.

"ಬೀಗತಿಯವರ, ಗೆದ್ದದ್ದು ನಾನ ಅಲ್ರಿ?"

"ಹೌದಲ್ರಿ. ಕರಾರ ಏನೈತಿ? ಥಂಡಿ ಇದ್ದ ಊರಾಗ ಕೌದಿ. ಅದು ನಿಮ್ಮ ಮನ್ಯಾಗ ಐತಿ. ನಾನೂ ನಿಮ್ಮ ಮನ್ಯಾಗ ಅದೇನಿ. ಥಂಡಿ ಇಳಿಯೂತನ, ರಥಸಪ್ತಮಿತನ ಇರ್ತೇನಿ."

ಅವರನ್ನು ಎಬ್ಬಿಸುವವರು ಯಾರು? ನಾನು ಯಜಮಾನರ ಮುಖ ನೋಡಿದೆ. ಅವರು ಕೈ ಮುಗಿದು, ಬೀಗತಿಯ ಕೋಣೆಯ ಕಡೆಗೆ ತಾವು ಕಾಲಿಡುವುದಿಲ್ಲ ಎಂದರು. ಸೊಸೆಯ ಮುಖ ನೋಡಿದೆ. ಅವಳಿಗೆ ಅದು ಹಡೆದ ತಾಯಿ. ಮಿರಜಿಗೆ ಫೋನು ಮಾಡಿದರೆ ಬೀಗರು, "ಏನೂ ಅವಸರಿಲ್ರಿ, ಇಲ್ಲಿ ಭಾಳ ಶಾಂತ ಐತಿ," ಎಂದರು.

ಇದನ್ನು ಬರೆಯುವಾಗಲೂ ಅವರು ಹೋಗಿಲ್ಲ. ನಾನು ಎರಡು ಶಾಲು, ಒಂದು ಸ್ವೆಟರು ಹಾಕಿಕೊಂಡು ಅದೇ ಕೋಣೆಯ ನೆಲದ ಮೇಲೆ ಹಾಸಿಗೆ ಮಾಡಿಕೊಂಡಿದ್ದೇನೆ. ನಿನ್ನೆ ದೀಪ ಆರಿಸಿದ ಮೇಲೆ ಕೌದಿಯ ಒಳಗಿನಿಂದ ದನಿ ಬಂತು. ಆ ಮಾತು ಅವರ ಬಾಯಿಂದ ಕೇಳಲೆಂದೇ ನಾನು ಇಷ್ಟು ವರ್ಷ ಕಾದಿದ್ದು.

"ಬೀಗತಿಯವರ, ಒಪ್ಪಿದೆ ನೋಡ್ರಿ. ನಿಮ್ಮ ಸಾಂಗ್ಲ್ಯಾಗ ಖರೇನ ಭಾಳ ಥಂಡಿ ಐತಿ. ನೀವ ಹೆಂಗ ಮಲಗತೀರೋ ಏನೋ."